ಸಂದಿಯ ಗೇಟು

“ಲೈನಾಚೆಯವರಿಗೆ ಮಾತೇನೋ ಕೊಟ್ಟಿದ್ದಾರೆ. ಆದ್ರೆ ಕೊನೆಗೆ ಮೇಡಂ ಕೈ ಎತ್ತಿಬಿಡ್ತಾರೆ, ನೋಡ್ತಾ ಇರಿ” ಎಂದು ಮೂಲೆಮನೆ ಅಂಕಲ್ ಪಕ್ಕದ ಮನೆ ಆಂಟಿಗೆ ಹೇಳಿದರು.

ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಹುಡುಗಿ ಪಿಟೀಲು, ಪಂಪನ್ನು ಹಾಗೇ ಹಿಡಿದು ನಿಂತಳು. ಮೇಡಂ ಎಂದರೆ ಅವಳ ಅಮ್ಮ. ಅಮ್ಮ ಪುರಸಭೆಯ ಮೆಂಬರು. ಸಭೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುವಾಗ ಮೆಂಬರುಗಳೆಲ್ಲ ಕೈ ಎತ್ತುತ್ತಾರೆ ಎಂದು ಅಮ್ಮನೇ ಹೇಳಿದ್ದಳು. ಅಂದರೆ ಅಮ್ಮ ತನ್ನ ಗೆಳತಿ ಕಡ್ಡಿಯ ಪರವಾಗಿ ಕೈ ಎತ್ತುತ್ತಾಳೆ.

ಪಿಟೀಲಿನ ಎದೆ ಹಗುರಾಯಿತು. ಎಷ್ಟೋ ದಿನದಿಂದ ಅವಳಿಗೆ ಅದೇ ಯೋಚನೆ.

ಅವಳ ನಿಜವಾದ ಹೆಸರು ಬೇರೆ. ಮಗುವಾಗಿದ್ದಾಗ ಕುಯ್ಯೋ ಎಂದು ಎಳೆದೆಳೆದು ಅಳುತ್ತಿದ್ದಳಂತೆ. ಅದಕ್ಕೆ ತಾತ ಇಟ್ಟ ಹೆಸರು ಪಿಟೀಲು. ಕಡ್ಡಿ ಅವಳ ಕ್ಲಾಸಿನವಳು. ಯೂನಿಫಾರಂ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣುತ್ತಿದ್ದಳು, ಅಷ್ಟು ಸಣ್ಣ. ಇಬ್ಬರದೂ ಒಂದೇ ಡೆಸ್ಕು.

ಪಿಟೀಲಿನ ರಸ್ತೆಯಲ್ಲಿ ದೊಡ್ಡ ದೊಡ್ಡ ಮನೆಗಳು, ಮನೆಯ ಮುಂದೆ ಕತ್ತರಿಸಿದ ಹುಲ್ಲು. ಬೆಳಿಗ್ಗೆ ಅಪ್ಪಂದಿರು, ಕೆಲವು ಅಮ್ಮಂದಿರು ಗಡಿಬಿಡಿಯಲ್ಲಿ ಸ್ಟೇಷನ್ನಿಗೆ ಹೋಗಿ ಸಿಟಿಗೆ ಹೋಗುವ ಟ್ರೈನು ಹಿಡಿಯುತ್ತಾರೆ. ಆಮೇಲೆ ರಸ್ತೆ ಖಾಲಿ. ಮೂಲೆಮನೆಯ ಪಕ್ಕದಲ್ಲಿ ಒಂದು ಸಂದಿ ಇದೆ. ಅದರ ತುದಿಯಲ್ಲಿ ರೈಲ್ವೆ ಲೈನಿನ ಮೇಲೆ ಕಾಲುಸೇತುವೆ. ಅವರ ಸ್ಕೂಲು, ಸ್ಟೇಷನ್ನು ಎರಡೂ ಈಚೆ ಕಡೆಗೇ; ಸೇತುವೆ ದಾಟಿದರೆ ಬಾಡಿಗೆ ಫ್ಲಾಟುಗಳು. ಅಲ್ಲಿ ಕಡ್ಡಿ, ಅವಳ ಅಮ್ಮ, ಅಜ್ಜಿ ಇದ್ದಾರೆ. ಸಂದಿಗೆ ಗೇಟು ಹಾಕಿ ಬೀಗ ಜಡಿಯಬೇಕು ಎಂದು ರಸ್ತೆಯವರೆಲ್ಲ ಸೇರಿ ಪುರಸಭೆಯನ್ನು ಕೇಳಿದ್ದರು. ಬೀಗ ಬಿದ್ದರೆ ಕಡ್ಡಿ ಹೈವೇ ಸುತ್ತಿಕೊಂಡು, ಫ್ಲೈಓವರ್ ಕೆಳಗೆ ಲಾರಿಗಳ ಮಧ್ಯೆ ನಡೆದು ಸ್ಕೂಲಿಗೆ ಬರಬೇಕು.

ಮಾರನೇ ದಿನ ಪಿಟೀಲು ಬ್ಯಾಗು ಕೂಡ ಇಳಿಸದೆ ಕಡ್ಡಿಗೆ ಸುದ್ದಿ ಹೇಳಿದಳು. ಅಮ್ಮ ಕೈ ಎತ್ತುತ್ತಾಳಂತೆ, ಮೂಲೆಮನೆ ಅಂಕಲ್ಲೇ ಹೇಳಿದ್ದು ಎಂದಳು. ಕಡ್ಡಿ ಖುಷಿಯಲ್ಲಿ ತನ್ನ ಹೊಸ ರಬ್ಬರನ್ನು ಅರ್ಧ ಮುರಿದು ಕೊಟ್ಟಳು.

ಅದರ ಮಾರನೇ ದಿನ ಕಡ್ಡಿ ಕಿಟಕಿ ಪಕ್ಕದ ಡೆಸ್ಕಿಗೆ ಹೋಗಿ ಕುಳಿತಳು. ಪಿಟೀಲು ಕರೆದರೆ ತಿರುಗಲಿಲ್ಲ. ಊಟದ ಬೆಲ್ಲು ಹೊಡೆದ ಮೇಲೆ ನಲ್ಲಿಯ ಹತ್ತಿರ ಅಡ್ಡ ನಿಂತು ಕೇಳಬೇಕಾಯಿತು.

“ಕೈ ಎತ್ತೋದು ಅಂದ್ರೆ ಏನು ಗೊತ್ತಾ ನಿಂಗೆ?” ಎಂದಳು ಕಡ್ಡಿ. “ಮಾತು ಕೊಟ್ಟು, ಆಮೇಲೆ ನನ್ ಕೈಲಾಗಲ್ಲ ಅನ್ನೋದು. ನಮ್ಮಮ್ಮ ಹೇಳಿದ್ರು. ಅದನ್ನ ನೀನು ನಗ್ತಾ ನಗ್ತಾ ಬಂದು ಹೇಳ್ದೆ.”

“ನಂಗೆ ಗೊತ್ತಿರ್ಲಿಲ್ಲ ಕಣೇ.”

“ಬೀಗ ಹಾಕಿದ್ರೆ ನನ್ನನ್ನ ಲೈನಾಚೆ ಸ್ಕೂಲಿಗೇ ಹಾಕ್ತಾರಂತೆ. ಅಲ್ಲಿ ಯಾರೂ ನಂಗೆ ಗೊತ್ತಿಲ್ಲ.”

ಪಿಟೀಲು ಅಡ್ಡ ನಿಂತಲ್ಲಿಂದ ಸರಿದು ದಾರಿ ಬಿಟ್ಟಳು.

ಮನೆಯಲ್ಲಿ ಅಮ್ಮನನ್ನು ಕೇಳೋಣವೆಂದರೆ ಅಮ್ಮನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮಾತಾಡುತ್ತಿದ್ದಳು. ಹೌದು ಸಾರ್, ನೋಡೋಣ ಸಾರ್, ನಾನೂ ಅದೇ ರಸ್ತೆಯವಳೇ ಅಲ್ವಾ ಎಂದೆಲ್ಲ ಹೇಳುವುದು ಕೇಳಿಸುತ್ತಿತ್ತು. ಪಕ್ಕದ ಮನೆ ಆಂಟಿ ಮೊದಲು ಪಿಟೀಲನ್ನು ಕಂಡರೆ ನಿಲ್ಲಿಸಿ ಜಡೆ ಎಳೆಯುತ್ತಿದ್ದರು. ಈಗ ಗಿಡಕ್ಕೆ ನೀರು ಹಾಕುತ್ತಾ ಗಿಡವನ್ನೇ ನೋಡುತ್ತಿದ್ದರು.

ಮಲಗುವ ಮುಂಚೆ ಪಿಟೀಲು ಧೈರ್ಯ ಮಾಡಿದಳು. “ಅಮ್ಮ, ನೀನು ಕೈ ಎತ್ತುತ್ತೀಯಾ?”

“ಯಾವುದಕ್ಕೆ?”

ಪಿಟೀಲಿಗೆ ಹೇಗೆ ಕೇಳಬೇಕೆಂದೇ ತಿಳಿಯಲಿಲ್ಲ. ಎತ್ತು ಎನ್ನಬೇಕೋ, ಎತ್ತಬೇಡ ಎನ್ನಬೇಕೋ.

“ಎತ್ತಿದ್ರೂ ಬೈತಾರೆ, ಎತ್ತದೇ ಇದ್ರೂ ಬೈತಾರೆ” ಎಂದಳು ಅಮ್ಮ. “ಹೋಗು, ಹಲ್ಲುಜ್ಜಿ ಮಲಕ್ಕೋ.”

ಸಭೆಯ ಸಂಜೆ ಅಪ್ಪ ಆಫೀಸಿನಿಂದ ಬೇಗ ಬಂದ. ಪಿಟೀಲು ಹಟ ಹಿಡಿದು ಅವನ ಜೊತೆ ಹೊರಟಳು. ಪುರಸಭೆಯ ಹಾಲ್‌ನಲ್ಲಿ ಅಷ್ಟು ಜನ ಸೇರಿದ್ದನ್ನು ಅವಳು ನೋಡಿರಲಿಲ್ಲ. ಅವರ ರಸ್ತೆಯವರೆಲ್ಲ ಮುಂದಿನ ಕುರ್ಚಿಗಳಲ್ಲಿದ್ದರು. ಕಡ್ಡಿಯ ಅಮ್ಮ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅವರು ಆಸ್ಪತ್ರೆಯಲ್ಲಿ ನರ್ಸು. ಇವತ್ತಿಗೆ ಮಾತ್ರ ಯಾರ ಜೊತೆಗೋ ಶಿಫ್ಟು ಬದಲಾಯಿಸಿಕೊಂಡು ಬಂದಿದ್ದರು.

ಮೊದಲು ಮೂಲೆಮನೆ ಅಂಕಲ್ ಎದ್ದರು. ಮಗನ ಸೈಕಲ್ ಕಳುವಾಗಿದ್ದು, ಸಂದಿಯ ತುಂಬ ಚಿಪ್ಸ್ ಕವರು ಬಿದ್ದಿರುವುದು ಎಲ್ಲ ಹೇಳಿದರು. ಆಮೇಲೆ ಅವರ ಹೆಂಡತಿ ಮೈಕು ತೆಗೆದುಕೊಂಡರು. ಗಂಡ ಊರಿನಲ್ಲಿ ಇಲ್ಲದಾಗ, ಕೊನೆಯ ಟ್ರೈನಿನವರು ಮಲಗುವ ಕೋಣೆಯ ಕಿಟಕಿ ಪಕ್ಕದಲ್ಲೇ ಮಾತಾಡಿಕೊಂಡು ಹೋಗುತ್ತಾರೆ, ಭಯಕ್ಕೆ ನಿದ್ದೆಯೇ ಬರುವುದಿಲ್ಲ ಎನ್ನುವಾಗ ಅವರ ದನಿ ನಡುಗಿತು. ಪಿಟೀಲು ಆ ಆಂಟಿಯನ್ನು ಜಗಳಗಂಟಿ ಎಂದುಕೊಂಡಿದ್ದಳು. ಅವರಿಗೆ ನಿಜವಾಗಿ ಹೆದರಿಕೆಯಾಗುತ್ತದೆ ಎಂದು ಗೊತ್ತಿರಲಿಲ್ಲ.

ಮೈಕು ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿಗೆ ಹೋಯಿತು. ಕಡ್ಡಿಯ ಅಮ್ಮ ಎದ್ದು ನಿಂತರು.

“ನಮ್ಮ ಮಕ್ಕಳು ಹೈವೇಲಿ ನಡೀಬೇಕಾಗುತ್ತೆ. ಅಷ್ಟೇ” ಎಂದು ಹೇಳಿ ಕೂತುಬಿಟ್ಟರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸಂದಿಗೆ ಬೀಗ ಬೇಕು ಎನ್ನುವವರು ಕೈ ಎತ್ತಿ ಎನ್ನುವುದರಲ್ಲಿದ್ದರು. ಪಿಟೀಲಿನ ಕಣ್ಣು ಅಮ್ಮನ ಕೈಯ ಮೇಲೆ. ಒಂದು ಕೈ ಪೆನ್ನನ್ನು ಗಟ್ಟಿಯಾಗಿ ಹಿಡಿದಿತ್ತು. ಇನ್ನೊಂದು ಟೇಬಲ್ ಕೆಳಗಿತ್ತು. ಏನು ಮಾಡುತ್ತಿದೆಯೋ ಕಾಣುತ್ತಿರಲಿಲ್ಲ.

ಅಮ್ಮ ಎದ್ದು ನಿಂತಳು. “ಅಧ್ಯಕ್ಷರೇ, ಒಂದು ನಿಮಿಷ.”

ಗೇಟು ಹಾಕೋಣ, ಆದರೆ ಬೆಳಗಿನಿಂದ ಸಂಜೆಯವರೆಗೆ ತೆರೆದಿರಲಿ, ಮಕ್ಕಳು ಓಡಾಡಲಿ. ರಾತ್ರಿ ಮಾತ್ರ ಬೀಗ ಹಾಕೋಣ ಎಂದಳು. ಮಾತಾಡುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹಾಲ್‌ನಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಲ್ಲಿ ಕಡ್ಡಿಯ ಅಮ್ಮ ಏನೋ ಹೇಳಬೇಕೆಂದು ಅರ್ಧ ಎದ್ದರು. ಅಷ್ಟರಲ್ಲಿ ಮೈಕು ಮುಂದಕ್ಕೆ ಹೋಗಿಬಿಟ್ಟಿತ್ತು. ಅವರು ಮತ್ತೆ ಕುಳಿತರು.

ಇದಕ್ಕೆ ಒಪ್ಪುವವರು ಯಾರು ಎಂದು ಅಧ್ಯಕ್ಷರು ಮೆಂಬರುಗಳನ್ನು ಕೇಳಿದಾಗ ಅಮ್ಮನ ಕೈ ಮೊದಲು ಮೇಲೆ ಹೋಯಿತು. ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಮತ್ತೊಂದು. ಕೊನೆಗೆ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿದ್ದವು.

ಪಿಟೀಲು ಚಪ್ಪಾಳೆ ಹೊಡೆದಳು. ಅಷ್ಟು ದೊಡ್ಡ ಹಾಲ್‌ನಲ್ಲಿ ಅದೊಂದೇ ಚಪ್ಪಾಳೆ. ಅಪ್ಪ ಮೆಲ್ಲಗೆ ಅವಳ ಕೈಗಳನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡ. ಹಗಲೆಲ್ಲ ತೆಗೆದಿಟ್ಟರೆ ಗೇಟು ಯಾಕೆ, ಶೋಕಿಗಾ ಎಂದು ಗೊಣಗುತ್ತಾ ಮೂಲೆಮನೆ ಅಂಕಲ್ ಎದ್ದು ಹೋದರು. ಪಿಟೀಲು ಹಿಂದೆ ತಿರುಗಿ ನೋಡಿದಾಗ ಕಡ್ಡಿಯ ಅಮ್ಮನ ಕುರ್ಚಿಯೂ ಖಾಲಿಯಾಗಿತ್ತು.

ಗೇಟು ಬರಲು ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಕಡ್ಡಿ ಹಳೆಯ ಡೆಸ್ಕಿಗೆ ವಾಪಸು ಬಂದಿದ್ದಳು. ಏನೂ ಆಗಿಲ್ಲವೆಂಬಂತೆ ಪಿಟೀಲಿನ ಸ್ಕೇಲು ತೆಗೆದುಕೊಂಡು ಗೆರೆ ಎಳೆದಳು. ಪಿಟೀಲಿಗೆ ಅಷ್ಟು ಸಾಕಿತ್ತು.

ಮೊದಲ ಸಲ ಬೀಗ ಹಾಕಿದ ಮಾರನೇ ಬೆಳಿಗ್ಗೆ ಪಿಟೀಲು ಸಂದಿಯ ಬಾಯಲ್ಲೇ ಕಾದಳು. ಗೇಟು ತೆರೆದಿತ್ತು, ಹಸಿರು ಪೇಂಟಿನ ವಾಸನೆ ಇನ್ನೂ ಬರುತ್ತಿತ್ತು. ಗೆದ್ದುಬಿಟ್ವಿ ನೋಡು ಎಂದು ಹೇಳಲು ಅವಳ ನಾಲಿಗೆ ತುರಿಸುತ್ತಿತ್ತು. ಕಡ್ಡಿ ತಡವಾಗಿ, ಆಕಳಿಸುತ್ತಾ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

“ಯಾಕೇ? ಹುಷಾರಿಲ್ವಾ?”

“ರಾತ್ರಿ ನಾನೂ ಅಜ್ಜಿನೂ ಫ್ಲೈಓವರ್ ಹತ್ರ ನಿಂತಿದ್ವಿ, ಟಾರ್ಚ್ ಹಿಡ್ಕೊಂಡು” ಎಂದಳು ಕಡ್ಡಿ. “ಅಮ್ಮ ಕೊನೇ ಟ್ರೈನಲ್ಲಿ ಬರೋದಲ್ವಾ. ಅಲ್ಲಿ ಲೈಟೇ ಇಲ್ಲ ಕಣೇ. ಲಾರಿಯೋರಿಗೆ ಅಮ್ಮ ಕಾಣಲಿ ಅಂತ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಹೋಂವರ್ಕ್ ಮಾಡಿದೆ ಎನ್ನುವ ಹಾಗೆ ಹೇಳಿದಳು.

“ಇವತ್ತೂ ಹೋಗ್ತೀರಾ?”

“ಹೂಂ. ಲೇಟ್ ಶಿಫ್ಟ್ ಇರೋ ದಿನ ಎಲ್ಲ.”

ಇಬ್ಬರೂ ಸ್ಕೂಲಿನ ಕಡೆ ನಡೆದರು. ಮೂಲೆಮನೆಯ ಮಲಗುವ ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಆಂಟಿ ಇನ್ನೂ ಮಲಗಿರಬೇಕು.

ಮೊದಲ ಪೀರಿಯಡ್ಡಿನಲ್ಲೇ ಕಡ್ಡಿಯ ತಲೆ ತೂಗತೊಡಗಿತು. ಸ್ವಲ್ಪ ಹೊತ್ತಿಗೆ ಕೆನ್ನೆ ಡೆಸ್ಕಿನ ಮೇಲೆ ಬಿತ್ತು. ಟೀಚರ್ ಬೋರ್ಡಿನ ಕಡೆ ತಿರುಗಿದ್ದಾಗ ಪಿಟೀಲು ತನ್ನ ದೊಡ್ಡ ಬ್ಯಾಗನ್ನು ಎತ್ತಿ ಕಡ್ಡಿಯ ಮುಂದೆ ಗೋಡೆಯ ಹಾಗೆ ನಿಲ್ಲಿಸಿದಳು. ಆಮೇಲೆ ಕಡ್ಡಿಯ ಕೈಯಿಂದ ಪೆನ್ಸಿಲನ್ನು ಸದ್ದಾಗದಂತೆ ಮೆಲ್ಲಗೆ ಬಿಡಿಸಿಕೊಂಡು, ಬೋರ್ಡಿನಲ್ಲಿದ್ದುದನ್ನು ಎರಡೂ ನೋಟ್‌ಬುಕ್ಕುಗಳಲ್ಲಿ ಬರೆಯತೊಡಗಿದಳು.