ಕದ್ದ ಪ್ರಶ್ನೆ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಕೂಕಲ್ತೊರೈಯ ಚಹಾ ಬೆಳೆಗಾರ ಮಾದನ್ ಊಟಿ ಠಾಣೆಗೆ ಬಂದು ದೂರು ಕೊಟ್ಟ. ಮಗಳು ಅಭಿನಯಾಗೆ ಯಾರೋ ಮದ್ದು ಹಾಕಿದ್ದರು. ಹಿಂದಿನ ದಿನ ಜರ್ಮನಿಯ ವಿಶ್ವವಿದ್ಯಾಲಯವೊಂದು ಪಿಎಚ್‌ಡಿ ಪ್ರವೇಶಕ್ಕಾಗಿ ಅವಳನ್ನು ವೀಡಿಯೊದಲ್ಲಿ ಸಂದರ್ಶಿಸುತ್ತಿತ್ತು. ಎರಡನೇ ಪ್ರಶ್ನೆಗೇ ನಾಲಿಗೆ ತೊದಲಿ, ಪ್ರಾಧ್ಯಾಪಕರ ಕಣ್ಣೆದುರೇ ಹುಡುಗಿ ಮೇಜಿನ ಮೇಲೆ ಒರಗಿಬಿಟ್ಟಿದ್ದಳು. ರಕ್ತದಲ್ಲಿ ನಿದ್ದೆ ಮಾತ್ರೆಯ ಅಂಶವಿದೆಯೆಂದು ಆಸ್ಪತ್ರೆಯ ವೈದ್ಯರು ಬರೆದಿದ್ದರು.

ಇನ್ಸ್‌ಪೆಕ್ಟರ್ ಕಮಲಂ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹಾಲನ್‌ನೊಂದಿಗೆ ಆಸ್ಪತ್ರೆಗೆ ಹೋದಳು.

“ನಿನ್ನೆ ಏನು ತಿಂದೆ?”

“ಮನೆಯಿಂದ ತಂದ ಊಟ ಮೇಡಂ. ಅಷ್ಟೇ.”

“ರೂಮಿಗೆ ಯಾರು ಬಂದಿದ್ದರು?”

“ಯಾರೂ ಇಲ್ಲ.” ಅಭಿನಯಾ ಗೋಡೆಯ ಕಡೆ ಹೊರಳಿದಳು.

ಊರಿನ ಇಂಟರ್ನೆಟ್ ನೆಚ್ಚುವಂತಿರಲಿಲ್ಲವೆಂದು ಅವಳು ಊಟಿ ಮಾರ್ಕೆಟ್ ಹಿಂದೆ ಮಹಡಿಯ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಪಂಚನಾಮೆಯಲ್ಲಿ ಎರಡು ಕಾಗದದ ಕಾಫಿ ಲೋಟ ಸಿಕ್ಕವು. ಒಂದು ಖಾಲಿ, ಇನ್ನೊಂದನ್ನು ಯಾರೂ ಮುಟ್ಟಿರಲಿಲ್ಲ. ಕಮಲಂ ಎರಡನ್ನೂ ಸೀಲ್ ಮಾಡಿಸಿದಳು.

“ಯಾರೂ ಬರ್ನಿಲ್ವಾ?” ಮನೆಯೊಡತಿ, ಗುಂಡ್ಲುಪೇಟೆ ಕಡೆಯ ಮಲ್ಲಾಜಮ್ಮ ಕಣ್ಣರಳಿಸಿದಳು. “ತೇನ್ಮೊಳಿ ಬಂದಿದ್ಲು ಕನವ್ವ. ಕಾಪಿ ತಕ್ಕೊಂಡು ಮ್ಯಾಕ್ಕೆ ವೋದ್ಲು. ಕಾಲೇಜಲ್ಲಿ ಇಬ್ರೂ ಒಂದೇ ರೂಮ್ನಲ್ಲಿ ಇದ್ದೋರಂತೆ.”

ಹಾಲನ್ ಔಷಧಿ ಅಂಗಡಿಗಳನ್ನು ಸುತ್ತಿ ಬಂದ. ಒಂದು ಅಂಗಡಿಯ ಮಹಾಲಿಂಗಂ ತೇನ್ಮೊಳಿಯ ಫೋಟೊ ಗುರುತಿಸಿದ್ದ. ಅವಳು ತನ್ನ ಅಜ್ಜಿಗೆಂದು ನಿದ್ದೆ ಮಾತ್ರೆ ಒಯ್ದಿದ್ದಳು.

ಕಮಲಂ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. “ಅವಳ ಹೆಸರು ಯಾಕೆ ಮುಚ್ಚಿಟ್ಟೆ?”

ಅಭಿನಯಾ ಎದ್ದು ಕೂತಳು. “ಹೆಸರು ಹೇಳಿದ್ರೆ ಕಾರಣಾನೂ ಹೇಳ್ಬೇಕಾಗ್ತಿತ್ತು ಮೇಡಂ.”

ತೇನ್ಮೊಳಿ ಖಾಸಗಿ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕೈ ಒರೆಸಿಕೊಂಡಳು.

“ಕಾಫಿಗೆ ಮಾತ್ರೆ ಹಾಕಿದ್ದು ನೀನೇನಾ?”

“ಹೌದು.”

“ಯಾಕೆ?”

“ಅಂಕ, ಪ್ರವೇಶ ಪರೀಕ್ಷೆ ಎಲ್ಲಾ ಬಾಗಿಲ ತನಕ ಮೇಡಂ. ಈ ದೇಶ ಆಗ್ಲಿ, ಹೊರದೇಶ ಆಗ್ಲಿ, ಒಳಗೆ ಕೂತೋರು ಕೇಳೋದು ಒಂದೇ: ನಿನ್ನದೇ ಅನ್ನೋ ಪ್ರಶ್ನೆ ಯಾವುದು? ತೊರಪಳ್ಳಿ ಹೊಳೇಲಿ ಎರಡು ಮಳೆಗಾಲ ಜಿಗಣೆ ಕಚ್ಚಿಸ್ಕೊಂಡು ನಿಂತಿದ್ದೆ. ಮಳೆ ತಡ ಆದ್ರೆ ಕಪ್ಪೆ ಕೂಗೋ ಹೊತ್ತು ಯಾಕೆ ಬದಲಾಗುತ್ತೆ? ಅದು ನನ್ನ ಪ್ರಶ್ನೆ. ನಂಬಿ ಅವಳಿಗೆ ಹೇಳಿದ್ದೆ. ಡಿಗ್ರಿ ಮುಗಿದ ಮೇಲೆ ಎಂಎಸ್ಸಿ ಸೀಟಿಗೆ ಇಬ್ರಿಗೂ ಒಂದೇ ದಿನ ಸಂದರ್ಶನ ಇತ್ತು, ಬೆಳಿಗ್ಗೆ ಅವಳು ತನ್ನದು ಅಂತ ಹೇಳ್ಬಿಟ್ಳು. ಮಧ್ಯಾಹ್ನ ನಾನು ಬಾಯಿ ಬಿಟ್ಟ ಕೂಡ್ಲೇ ಒಬ್ರು ನಕ್ಕರು. ‘ಗೆಳತಿ ಪಾಠ ಚೆನ್ನಾಗಿ ಒಪ್ಪಿಸ್ತೀಯಮ್ಮ’ ಅಂದ್ರು. ಆಮೇಲೆ ನನಗೆ ಮಾತೇ ಬರಲಿಲ್ಲ. ಸೀಟು ಅವಳಿಗೆ ಹೋಯ್ತು.”

“ಸಾಯಿಸಬೇಕು ಅಂತಿತ್ತಾ?”

“ಇಲ್ಲ. ಅವಳೂ ಅಂಥೋರ ಎದುರು ಮಾತು ಬರದೆ ಕೂರ್ಬೇಕಿತ್ತು. ಕೂತಳು.” ತೇನ್ಮೊಳಿಯ ದನಿಯಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ.

ಸಂಜೆ ನಾಲ್ಕೂವರೆಗೆ ಬಂಧನದ ಕಾಗದಕ್ಕೆ ಸಹಿಯಾಯಿತು. ಜೀಪು ಹತ್ತುವಾಗ ಕಮಲಂ ಹೇಳಿದಳು: “ಜರ್ಮನಿಯವರು ಅವಳಿಗೆ ಸಂದರ್ಶನಕ್ಕೆ ಇನ್ನೊಂದು ದಿನ ಕೊಟ್ಟಿದ್ದಾರೆ.”

ತೇನ್ಮೊಳಿ ಮೊದಲ ಸಲ ನಕ್ಕಳು. “ಕೊಡ್ಲಿ ಮೇಡಂ. ಮತ್ತೆ ಅದನ್ನೇ ಕೇಳ್ತಾರೆ. ಈ ಸಲ ಪೂರ್ತಿ ಎಚ್ಚರವಾಗಿ ಕೂತು ಹೇಳ್ಲಿ, ಆ ಪ್ರಶ್ನೆ ಯಾರದು ಅಂತ.”

ಠಾಣೆಯಲ್ಲಿ ಕಮಲಂ ಕೇಸ್ ಡೈರಿ ತೆರೆದು, ಅಪರಾಧದ ಉದ್ದೇಶ ‘ಹಗೆ’ ಎಂದು ಬರೆದಳು. ಅಭಿನಯಾ ಮಾಡಿದ್ದಕ್ಕೆ ಹಾಕಲು ಅವಳಿಗೆ ಕಾನೂನಿನ ಯಾವ ಕಲಮೂ ಸಿಗಲಿಲ್ಲ.