ಅರ್ಧ ಬೆಲೆಯ ಮನೆ

ಸಾರಕ್ಕಿ ಕೆರೆಗೆ ಮುಖ ಮಾಡಿದ ಮನೆಗೆ ಅರ್ಧ ಬೆಲೆ ಎಂದರೆ ನನಗೆ ಮೊದಲು ನೆನಪಾಗುವುದು ದೆವ್ವವಲ್ಲ, ಡಾಕ್ಯುಮೆಂಟು. ಎಲ್ಲೋ ಖಾತೆ ಸರಿಯಿಲ್ಲ, ಇಲ್ಲವೇ ದಾಯಾದಿಗಳ ಕೋರ್ಟು ಕೇಸು. ಬ್ಯಾಂಕುಗಳಿಗೆ ಮನೆಗಳ ಬೆಲೆ ಕಟ್ಟಿಕೊಡುವುದು ನನ್ನ ಕೆಲಸ. ಜಯನಗರ, ಜೆ.ಪಿ. ನಗರ, ಬನಶಂಕರಿ ಅಂತ ಸುತ್ತಿ ಸುತ್ತಿ ಸ್ಕೂಟರಿನ ಸೀಟೂ ಹರಿದಿದೆ, ನನ್ನ ತಾಳ್ಮೆಯೂ ಹರಿದಿದೆ.

"ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ ಮೇಡಂ," ಎಂದ ಗೇಟಿನ ಬಳಿ ನಿಂತಿದ್ದ ದಿನೇಶ್. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ಹುಬ್ಬಿನ ಮೇಲೆ ಸಿಮೆಂಟಿನ ಪುಡಿ ಕೂತಿತ್ತು. ಒರೆಸಿಕೊಳ್ಳಿ ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಚೆನ್ನಾಗಿಯೇ ಕಾಣುತ್ತಿತ್ತು.

"ಪಕ್ಕದ ಸೈಟು ಚದರಡಿಗೆ ಹದಿನೆಂಟು ಸಾವಿರಕ್ಕೆ ಹೋಗಿದೆ. ನಿಮ್ಮದಕ್ಕೆ ಒಂಬತ್ತೂ ಯಾರೂ ಕೊಡಲ್ವಂತೆ. ಯಾಕೆ?"

ಅವನು ಕೆರೆಯ ಕಡೆ ನೋಡಿದ. "ಒಳಗೆ ನಮ್ಮಮ್ಮ ಇದಾಳೆ."

"ಅಮ್ಮ ಇದ್ರೆ ರೇಟ್ ಯಾಕ್ರೀ ಬೀಳುತ್ತೆ? ಅಷ್ಟೊಂದು ಜೋರಾ?"

ಅವನು ನಕ್ಕುಬಿಟ್ಟ. ನಗು ತುಟಿಯ ಒಂದು ಕಡೆಯಿಂದ ಶುರುವಾಗಿ, ಯೋಚನೆ ಮಾಡಿ, ಇನ್ನೊಂದು ಕಡೆಗೆ ಬಂತು. ಅಷ್ಟರಲ್ಲಿ ಅಂಗಡಿಯಿಂದ ಫೋನ್. "ನೀವು ಅಳೀತಿರಿ ಮೇಡಂ, ಬಂದೆ," ಎಂದು ಅತ್ತ ಸರಿದ.

ಹೊರಗೆ ಸುಡು ಬಿಸಿಲು, ಒಳಗೆ ತಣ್ಣಗೆ. ಹಾಲ್, ರೂಮುಗಳನ್ನು ಅಳೆದು ಅಡುಗೆಮನೆಗೆ ಬಂದೆ. ಹಸಿರು ಸೀರೆಯ ಹೆಂಗಸೊಬ್ಬರು ನನಗೆ ಬೆನ್ನು ಹಾಕಿ ಅಕ್ಕಿ ತೊಳೆಯುತ್ತಿದ್ದರು. ನಾನು ಲೇಸರ್ ಮೀಟರನ್ನು ಎದುರಿನ ಗೋಡೆಗೆ ಹಿಡಿದೆ. ಏಳು ಅಡಿ ಎಂದು ತೋರಿಸಿತು.

"ಆಂಟಿ, ಅಡ್ಡ ಇದೀರಾ. ಸ್ವಲ್ಪ ಸರೀತೀರಾ?"

ಸರಿದರು. ಹನ್ನೊಂದು ಅಡಿ ಬಂತು.

"ಯಾಕವ್ವ ಅವಸರ? ನಿಧಾನಕ್ಕೆ ಅಳಿ," ಎನ್ನುತ್ತಾ ಹತ್ತಿರ ಬಂದರು. ಎಡಗೈ ಮೇಲೆ ಸುಟ್ಟ ಹಳೆಯ ಕಲೆ. "ಮೊದಲ್ನೇ ಸಲ ಬಂದಿದೀಯ. ತಲೆ ಬಗ್ಸು."

ಮನೆಗೆ ಬಂದ ಹೆಣ್ಣಿಗೆ ಕುಂಕುಮ ಕೊಡುವುದು ಹೊಸದೇನಲ್ಲ. ತಲೆ ಬಗ್ಗಿಸಿದೆ. ಹಣೆಗಿಟ್ಟು, ಬೈತಲೆಗೂ ಇಟ್ಟರು. ಬೆರಳು ಐಸಿನಂತೆ ಕೊರೆಯುತ್ತಿತ್ತು. ಪಾಪ, ನೀರಲ್ಲೇ ಇದ್ದ ಕೈ ಅಂದುಕೊಂಡೆ.

ಹೊರಗೆ ಬಂದಾಗ ದಿನೇಶ್ ನನ್ನ ತಲೆಯನ್ನೇ ನೋಡಿದ. ಫೋನಿನಲ್ಲಿದ್ದವರಿಗೆ ಏನೂ ಹೇಳದೆ ಕಟ್ ಮಾಡಿದ.

"ಯಾರು ಇಟ್ಟಿದ್ದು?"

"ಇನ್ಯಾರು, ನಿಮ್ಮಮ್ಮ. ಜೋರೇನಿಲ್ಲ ಬಿಡಿ."

"ಮೇಡಂ, ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ನಾನು ಊಟ ಮಾಡೋದು ಹೋಟೆಲಲ್ಲೇ, ಆ ಅಡುಗೆಮನೆಗೆ ಯಾರೂ ಕಾಲಿಡಲ್ಲ."

"ನೋಡಿ, ತಮಾಷೆಗೂ ಒಂದು ಮಿತಿ ಇರ್ಬೇಕು," ಎಂದು ರೇಗಿ ವಾಪಸ್ ಅಡುಗೆಮನೆಗೆ ಹೋದೆ. ಸಿಂಕು ಒಣಗಿತ್ತು. ಸ್ಟೌವಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ನೆಲದ ಧೂಳಿನಲ್ಲಿ ನನ್ನ ಹೆಜ್ಜೆಗಳು ಮಾತ್ರ ಇದ್ದವು. ಮೀಟರಿನಲ್ಲಿ ಎರಡು ಅಳತೆಯೂ ಉಳಿದಿತ್ತು, ಮೊದಲು ಏಳು, ಆಮೇಲೆ ಹನ್ನೊಂದು. ಅಲ್ಲೇ ಬಾಗಿಲು ಹಿಡಿದುಕೊಂಡೆ.

"ಯಾವ ಸೀರೆ ಉಟ್ಟಿದ್ಲು?" ಹಿಂದಿನಿಂದ ಕೇಳಿದ. ಹೇಳಿದೆ. ಸುಟ್ಟ ಕಲೆಯನ್ನೂ ಹೇಳಿದೆ. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಮುತ್ತೈದೆಯಾಗಿ ಹೋದ ಅವನ ಅಮ್ಮ ನಾರಾಯಣಮ್ಮನವರನ್ನು ಅದೇ ಹಸಿರು ಸೀರೆ ಉಡಿಸಿ ಕಳಿಸಿದ್ದರಂತೆ. ಅದೇ ವರ್ಷ ಅಪ್ಪನೂ ಹೋದರಂತೆ.

"ದೆವ್ವದ ಕಥೆ ನಾನೇ ಹಬ್ಬಿಸಿದ್ದು ಮೇಡಂ," ಎಂದ. "ಬ್ರೋಕರ್ ಸೋಮನಾಥ್ ಕೊಳ್ಳೋ ಪಾರ್ಟಿ ಕರ್ಕೊಂಡು ಬಂದಾಗೆಲ್ಲ, ಅಮ್ಮ ಓಡಾಡ್ತಾಳೆ ಅಂತಿದ್ದೆ. ನನ್ ತಂಗಿ ಶ್ವೇತಂಗೆ ಅರ್ಧ ಪಾಲು ಕೊಡ್ಬೇಕು. ಹದಿನೆಂಟರ ಲೆಕ್ಕದಲ್ಲಿ ಕೊಡೋಕೆ ನನ್ ಕೈಲಾಗಲ್ಲ. ಒಂಬತ್ತಾದ್ರೆ ಲೋನ್ ಮಾಡಿ, ಅವಳ ಪಾಲು ಕೊಟ್ಟು ಮನೆ ಉಳಿಸ್ಕೊಬಹುದು." ಹೊಸ್ತಿಲ ಧೂಳನ್ನು ಅಂಗೈಯಲ್ಲಿ ಸವರಿದ. "ನಾಲ್ಕು ವರ್ಷ ಸುಳ್ಳು ಹೇಳ್ದೆ. ಒಂದ್ಸಲಾನಾದ್ರೂ ನಿಜವಾಗ್ಲಿ ಅಂತ ಕಾದೆ. ನಂಗೆ ಕಾಣಿಸ್ಲಿಲ್ಲ. ನಿಮಗೆ ಕಾಣಿಸ್ಕೊಂಡ್ಲಾ?"

ಅಷ್ಟು ದೊಡ್ಡ ಗಂಡಸಿನ ದನಿಯಲ್ಲಿ ಸಣ್ಣ ಮಗುವಿನ ಹೊಟ್ಟೆಕಿಚ್ಚಿತ್ತು.

ಮರುದಿನವೇ ಕೊಡಬೇಕಾದ ರಿಪೋರ್ಟನ್ನು ನಾನು ಕೊಡಲಿಲ್ಲ. ಜಯನಗರದಲ್ಲಿ ನಾನು ಕಾಫಿ ಕುಡಿಯುವ ಹೋಟೆಲಿಗೆ ಅವನು ಸಂಜೆ ಸಂಜೆ ಬರತೊಡಗಿದ. ಅಮ್ಮ ಹೇಗೆ ನಿಂತಿದ್ದಳು, ದನಿ ಹೇಗಿತ್ತು, ಇದೇ ಪ್ರಶ್ನೆಗಳು. ಹೇಳಿದ್ದನ್ನೇ ಹೇಳುತ್ತಿದ್ದೆ. ಅವನು ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದ. ಹಾಗೆ ಕಣ್ಣು ಮಿಟುಕಿಸದೆ ಕೇಳುವ ಗಂಡಸನ್ನು ನಾನು ಕಂಡಿರಲಿಲ್ಲ. ಕದ್ದು ನೋಡಲು ಹೋಗಿ ಎರಡು ಸಲ ಕಾಫಿ ಚೆಲ್ಲಿಕೊಂಡೆ.

"ಬೈತಲೆಗೆ ಕುಂಕುಮ ಇಟ್ರಲ್ಲ, ನಿಮ್ಮ ಕಡೆ ಎಲ್ಲರಿಗೂ ಇಡ್ತಾರಾ?" ಎಂದು ಒಂದು ದಿನ ಕೇಳಿದೆ.

ಅವನ ಕಿವಿ ಕೆಂಪಾಯಿತು. ಚಮಚ ತಿರುಗಿಸಿದ. ಸಕ್ಕರೆಯನ್ನೇ ಹಾಕಿಕೊಂಡಿರಲಿಲ್ಲ.

"ಇಲ್ಲ. ನಮ್ಮನೇಲಿ ಸೊಸೆಗೆ ಮಾತ್ರ. ಶ್ವೇತಂಗೂ ಇಡ್ತಿರ್ಲಿಲ್ಲ."

ಬೆನ್ನಲ್ಲಿ ಚಳಿ ಹರಿಯಿತು. ಅದರ ಜೊತೆಗೇ ಹೊಟ್ಟೆಯೊಳಗೆ ಒಂಥರಾ ಖುಷಿ. ಎರಡೂ ಒಟ್ಟಿಗೆ ಆಗುತ್ತವೆಂದು ನನಗೆ ಗೊತ್ತಿರಲಿಲ್ಲ.

"ರಿಪೋರ್ಟಲ್ಲಿ ಏನ್ ಬರೀತೀರಾ?" ಎಂದ ಮೆಲ್ಲಗೆ.

"ಇರೋ ಬೆಲೆ. ಹದಿನೆಂಟು."

"ಹಾಗಾದ್ರೆ ಮನೆ ಹೋಯ್ತು." ಕಾಫಿ ಲೋಟ ಕೆಳಗಿಟ್ಟ. "ನೀವೇ ಕಣ್ಣಾರೆ ನೋಡಿದೀರಾ. ಈಗ ಅದು ಸುಳ್ಳಲ್ವಲ್ಲ ಮೇಡಂ. ಒಂಬತ್ತೇ ಬರೀರಿ. ಅಮ್ಮ ಇರೋ ಮನೇನ ಬಿಲ್ಡರ್ ಕೈಗೆ ಕೊಡ್ಲಾ? ನಿಮಗೆ ಇಟ್ಟ ಕುಂಕುಮಕ್ಕಾದ್ರೂ..."

"ಅದನ್ನ ತರ್ಬೇಡಿ!" ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. "ಅವರು ನನ್ನ ಪ್ರೀತಿಯಿಂದ ಮಾತಾಡ್ಸಿದ್ರು. ಅಂಥವರು ಇದಾರೆ ಅಂತ ಮನೆ ಬೆಲೆ ಇಳಿಸ್ಲಾ? ನಿಮ್ಮ ತಂಗಿ ಬಿ.ಟಿ.ಎಂ. ಲೇಔಟಲ್ಲಿ ಬಾಡಿಗೆ ಕಟ್ಕೊಂಡು ಇದಾಳೆ ಅಂತ ನೀವೇ ಹೇಳಿದ್ರಿ. ಹೆತ್ತ ತಾಯಿ ಹೆಸರಲ್ಲಿ ಅವಳ ಪಾಲು ನುಂಗ್ತಿದೀರಾ. ನಾಚಿಕೆ ಆಗಲ್ವಾ?"

ಅವನು ಎದ್ದು ಹೋದ. ಆ ರಾತ್ರಿಯೇ ರಿಪೋರ್ಟ್ ಕಳಿಸಿದೆ. ಆಮೇಲೆ ಸಂಜೆಗಳು ಬಂದವು, ಅವನು ಬರಲಿಲ್ಲ. ಆ ಹೋಟೆಲಿನ ಕಾಫಿ ಇಷ್ಟು ಕಹಿ ಯಾವಾಗಿಂದ ಅಂತ ಕ್ಯಾಷಿಯರ್ ಜೊತೆ ಜಗಳವಾಡಿದೆ. ನನಗೆ ಅವನು ಬೇಕಾಗಿದ್ದ, ಅಷ್ಟೇ ವಿಷಯ.

ಕೊನೆಗೊಂದು ದಿನ ಎದುರಿನ ಕುರ್ಚಿ ಎಳೆದುಕೊಂಡು ಕೂತ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಶ್ವೇತಂಗೆ ಎಲ್ಲಾ ಹೇಳ್ದೆ. ಉಗಿದ್ಲು. ಅತ್ಲು. ಆಮೇಲೆ ಅಮ್ಮ ನಂಗ್ಯಾಕೆ ಕಾಣಿಸ್ಲಿಲ್ಲ ಅಂತ ಬೇರೆ ಜಗಳ." ಉಸಿರು ಬಿಟ್ಟ. "ಮಾರ್ತಿದೀವಿ. ಹದಿನೆಂಟಕ್ಕೇ."

ನಾನು ಕೈ ಚಾಚಿ ಅವನ ಹುಬ್ಬಿನ ಸಿಮೆಂಟು ಒರೆಸಿದೆ.

ಮನೆ ಬಿಡುವ ದಿನ ದೀಪ ಹಚ್ಚುವ ಹೊತ್ತಿಗೆ ಹೋದೆ. ಸಾಮಾನಿನ ಟೆಂಪೋ ಜರಗನಹಳ್ಳಿಯ ಬಾಡಿಗೆ ಮನೆಗೆ ಹೋಗಿಯಾಗಿತ್ತು. ಕೆರೆಯ ಮೇಲೆ ಕತ್ತಲು ಇಳಿಯುತ್ತಿತ್ತು, ಗಾಳಿಯೇ ಇರಲಿಲ್ಲ. ದಿನೇಶ್ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಮನೆ ಬಿಡೋವಾಗ ಹಿರಿಯರನ್ನ ಬಾ ಅಂತ ಕರೀಬೇಕು ನಮ್ಮಲ್ಲಿ. ಕರೀದಿದ್ರೆ ಇಲ್ಲೇ ಉಳ್ಕೊಂಡ್ಬಿಡ್ತಾರೆ. ಶ್ವೇತಾನೂ ಕರೆದು ಹೋದ್ಲು, ನಾನೂ ಆಗ್ಲಿಂದ ಕರೀತಿದೀನಿ." ಒಳಗೊಮ್ಮೆ ಇಣುಕಿದ. "ಬರ್ತಿಲ್ಲ ತನ್ಮಯಿ. ನಾಳೆ ಮನೆ ಕೆಡವೋಕೆ ಜೆ.ಸಿ.ಬಿ. ಬರುತ್ತೆ. ಒಬ್ಳೇ ಒಳಗಿರ್ತಾಳೆ."

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ. ನಾನು ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಅಡುಗೆಮನೆ ಖಾಲಿಯಿತ್ತು. ಹಿತ್ತಿಲ ಬಾಗಿಲು ತೆರೆದೇ ಇತ್ತು. ತೋಳಿನ ರೋಮವೆಲ್ಲ ನೆಟ್ಟಗಾಯಿತು. ಓಡಿಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಹೇಗೆ ಕರೆಯುವುದು? ಆಂಟಿ ಅಂದರೆ ಯಾರು ತಾನೇ ಎದ್ದು ಬರುತ್ತಾರೆ?

"ಅತ್ತೆ," ಎಂದೆ. ನನಗೇ ಕೇಳಿಸಲಿಲ್ಲ. ಗಟ್ಟಿಯಾಗಿ ಇನ್ನೊಂದು ಸಲ ಹೇಳಿದೆ. "ಅತ್ತೆ, ಹೊರಡಿ, ಕತ್ತಲಾಯ್ತು. ನಿಮ್ಮ ಮಗ ಕಾಯ್ತಿದಾರೆ. ನಾನೂ ಬರ್ತೀನಿ, ಮನೆಗೆ ಹೋಗೋಣ."

ಗಾಳಿಯಿಲ್ಲದೆಯೇ ಹಿತ್ತಿಲ ಬಾಗಿಲು ಮುಚ್ಚಿಕೊಂಡಿತು. ಮೇಲಿನ ಚಿಲಕ ಸರಿಯಿತು, ಕೆಳಗಿನದೂ ಸರಿಯಿತು, ಊರಿಗೆ ಹೊರಟ ಗೃಹಿಣಿ ಭದ್ರಪಡಿಸಿದಂತೆ. ಬಳೆಗಳ ಸದ್ದು ನನ್ನ ಪಕ್ಕ ಹಾದು ಮುಂಬಾಗಿಲ ಕಡೆ ಹೋಯಿತು. ನಾನು ಅದರ ಹಿಂದೆಯೇ ಹೊರಬಿದ್ದೆ.

ದಿನೇಶ್ ಗೋಡೆಗೆ ಒರಗಿ ಅಳುತ್ತಿದ್ದ, ನಗುತ್ತಲೂ ಇದ್ದ. "ಈಗ ಏನಂತ ಕರೆದ್ರಿ?"

"ಕೇಳಿಸ್ತಲ್ಲ."

"ಇನ್ನೊಂದ್ಸಲ ಹೇಳಿ."

"ನನ್ನ ಹತ್ರ ಚೌಕಾಸಿ ಎಲ್ಲಾ ನಡೆಯಲ್ಲ. ಬೀಗ ಹಾಕಿ."

ಬೀಗ ಹಾಕಿದ. ಸ್ಕೂಟರನ್ನು ಅಲ್ಲೇ ಬಿಟ್ಟು ನಾನು ಆಟೋ ನಿಲ್ಲಿಸಿದೆ. ಮೂರು ಜನ ಸ್ಕೂಟರಿನಲ್ಲಿ ಹೋಗುವುದು ಹೇಗೆ? ಅವನು ಆ ತುದಿಗೆ ಕೂತ, ನಾನು ಈ ತುದಿಗೆ ಕೂತೆ. ಕನಕಪುರ ರಸ್ತೆಯ ಹಳ್ಳವೊಂದಕ್ಕೆ ಚಕ್ರ ಇಳಿದಾಗ, ದೊಡ್ಡವರು ಮುಗ್ಗರಿಸಬಾರದೆಂದು ಇಬ್ಬರೂ ಒಟ್ಟಿಗೇ ನಡುವೆ ಕೈ ಅಡ್ಡ ಹಿಡಿದೆವು.