ಟ್ಯಾಮರಾಕ್ ಬೀದಿಯ ಎರಡು ಚಪ್ಪಡಿಗಳು

ಬಿರ್ಗಿಟ್ ಸೊಲ್ಹೈಮ್ ರೂಡಿ ಪ್ರೆಬಿಲ್‌ನ ಜೊತೆ ಆಡಿದ ಮೊದಲ ಮಾತೇ ಜಗಳದ್ದು.

ಸೆಪ್ಟೆಂಬರ್‌ನ ಒಂದು ಬೆಳಗ್ಗೆ. ಕೆಳಗೆ ಸರೋವರದ ಮೇಲಿನ ಮಂಜು ಇನ್ನೂ ಚದುರಿರಲಿಲ್ಲ. ನಮ್ಮ ಟ್ಯಾಮರಾಕ್ ಬೀದಿ ಆ ದಂಡೆಯಿಂದ ನೆಟ್ಟಗೆ ಗುಡ್ಡ ಹತ್ತುತ್ತದೆ. ಅದರ ಫುಟ್‌ಪಾತಿಗೆ ಎಪ್ಪತ್ತು ವರ್ಷ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಚಪ್ಪಡಿಗಳನ್ನು ಮೇಲಕ್ಕೆತ್ತುತ್ತದೆ, ವಸಂತದಲ್ಲಿ ಕೈಬಿಡುತ್ತದೆ. ಹೀಗೆ ಎತ್ತಿ ಇಳಿಸಿ ಒಂದು ಚಪ್ಪಡಿಯೂ ಇನ್ನೊಂದರ ಮಟ್ಟಕ್ಕೆ ಉಳಿದಿರಲಿಲ್ಲ. ಆ ವರ್ಷ ನಗರಸಭೆ ಕೊನೆಗೂ ಮನಸ್ಸು ಮಾಡಿತ್ತು. ಇನ್‌ಸ್ಪೆಕ್ಟರ್ ಕಾರ್ವೆಲ್ ಜುಲೈನಲ್ಲಿ ಅಳತೆಪಟ್ಟಿ ಹಿಡಿದು ಬಂದು, ಬದಲಿಸಬೇಕಾದ ಚಪ್ಪಡಿಗಳ ಮೇಲೆ ಗುಲಾಬಿ ಬಣ್ಣದ ಗುಣಾಕಾರ ಚಿಹ್ನೆ ಹಾಕಿ ಹೋಗಿದ್ದರು. ಕೆಲಸ ರೂಡಿಗೆ ಸಿಕ್ಕಿತ್ತು. ಉತ್ತರದ ಗಣಿ ಊರಿನವನು, ನಲವತ್ತಮೂರು ವರ್ಷ, ಜೊತೆಗೆ ಇಬ್ಬರು ಕೆಲಸಗಾರರು.

ಬಿರ್ಗಿಟ್ ಹನ್ನೊಂದು ವರ್ಷದಿಂದ ಈ ಬೀದಿಗೆ ಅಂಚೆ ಹಂಚುವವಳು. ಯಾವ ಚಪ್ಪಡಿ ಎಲ್ಲಿ ಎಡವಿಸುತ್ತದೆ ಎಂದು ಅವಳ ಕಾಲಿಗೇ ಗೊತ್ತು. ಹಾಗಿದ್ದೂ ಮಾರ್ಚಿನಲ್ಲಿ, ಬೀದಿಯ ಮೇಲ್ತುದಿಯಲ್ಲಿ ಹಿಲ್ಮಾ ಅವರ ಮನೆಯ ಮುಂದೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಅಲ್ಲಿನ ಎರಡು ಚಪ್ಪಡಿಗಳು ಹೆಚ್ಚು ಎದ್ದಿರಲಿಲ್ಲ, ಒಂದು ಪಕ್ಕಕ್ಕೆ ವಾಲಿದ್ದವು ಅಷ್ಟೆ. ಹಿಮ ಕರಗಿದ ನೀರು ಅಲ್ಲಿ ನಿಂತು ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತಿತ್ತು. ಎಂಬತ್ತಮೂರರ ಹಿಲ್ಮಾ ಅದೇ ಭಯಕ್ಕೆ ಎರಡು ವರ್ಷದಿಂದ ಮನೆಯ ಮೆಟ್ಟಿಲು ಇಳಿದಿರಲಿಲ್ಲ. ಮೂರು ಮನೆ ಕೆಳಗಿರುವ ಗೆಳತಿ ಲೆಂಪಿಯ ಜೊತೆ ಕಿಟಕಿಯಲ್ಲಿ ನಿಂತು ಕೈಬೀಸುತ್ತಾ ಫೋನಿನಲ್ಲಿ ಮಾತಾಡುತ್ತಿದ್ದರು.

ಆ ಎರಡಕ್ಕೂ ಗುರುತು ಬಿದ್ದಿರಲಿಲ್ಲ.

ಬಿರ್ಗಿಟ್ ಇದನ್ನೆಲ್ಲ ಬೀದಿಯ ಬುಡದಲ್ಲಿ ಮಂಡಿಯೂರಿ ಕರಣೆ ಎಳೆಯುತ್ತಿದ್ದ ರೂಡಿಗೆ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ಗುರುತಿಲ್ಲದ್ದನ್ನ ನಾನು ಮುಟ್ಟೋ ಹಾಗಿಲ್ಲ," ಎಂದ.

"ನಿಮಗೂ ಆ ಕಲ್ಲಿಗೂ ಏನೂ ವ್ಯತ್ಯಾಸ ಇಲ್ಲ ಬಿಡಿ," ಎಂದು ಬಿರ್ಗಿಟ್ ರಪ್ಪನೆ ತಿರುಗಿದಳು. ತಿರುಗಿದ ರಭಸಕ್ಕೆ ಅವಳ ಬಲಗಾಲು, ಅವನು ಆಗಷ್ಟೇ ನಯ ಮಾಡಿದ್ದ ಹಸಿ ಕಾಂಕ್ರೀಟಿನಲ್ಲಿ ಪಾದ ಮುಳುಗುವಷ್ಟು ಇಳಿಯಿತು.

ಅವನು ಬೈಯುತ್ತಾನೆ ಎಂದುಕೊಂಡು ಅವಳು ಎದೆ ಸೆಟೆಸಿ ನಿಂತಳು. ಅವನು ಎದ್ದು ಬಂದು ಬಕೆಟ್ಟಿನ ನೀರು ಪಕ್ಕದಲ್ಲಿಟ್ಟ.

"ಬೂಟು ಬಿಚ್ಚಿ. ಸಿಮೆಂಟು ಒಳಗೆ ಹೋದ್ರೆ ಕಾಲು ಸುಡುತ್ತೆ."

ಅವಳು ಮೇಪಲ್ ಮರ ಹಿಡಿದು ಒಂಟಿಗಾಲಿನಲ್ಲಿ ನಿಂತಳು. ಅವನು ಬೂಟಿನ ಹೊಲಿಗೆ ಹೊಲಿಗೆಯನ್ನೂ ಹಳೆಯ ಬ್ರಷ್ಷಿನಿಂದ ತಿಕ್ಕಿದ. ಇದ್ದಕ್ಕಿದ್ದಂತೆ ತಲೆ ಎತ್ತಿ ಅವಳ ಕಾಲುಚೀಲ ನೋಡಿದ. ಹೆಬ್ಬೆರಳಿನ ಬಳಿ ತೂತು. ಅವಳು ಆ ಬೆರಳನ್ನು ಮೆಲ್ಲಗೆ ಒಳಗೆ ಮಡಚಿಕೊಂಡಳು. ಅವನ ಕಣ್ಣಂಚಿನಲ್ಲಿ ಸಣ್ಣ ನಗು ಕಂಡು ಮರೆಯಾಯಿತು. ತುಟಿ ಮಾತ್ರ ಅಲುಗಲಿಲ್ಲ.

ಆ ನಗು ಮರೆಯಾದ ರೀತಿ ಅವಳಿಗೆ ದಿನವಿಡೀ ಮರೆತುಹೋಗಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಮಾರನೆಯ ದಿನ ಮಧ್ಯಾಹ್ನ ಅವಳೊಂದು ಕೆಲಸ ಮಾಡಿದಳು. ಅಂಗಡಿಯಿಂದ ಅದೇ ಗುಲಾಬಿ ಬಣ್ಣದ ಡಬ್ಬಿ ತಂದು, ಬೂಟಿನ ಲೇಸು ಕಟ್ಟುವವಳ ಹಾಗೆ ಹಿಲ್ಮಾ ಅವರ ಮನೆಯ ಮುಂದೆ ಕೂತು, ಎರಡೂ ಚಪ್ಪಡಿಗಳ ಮೇಲೆ ಗುರುತು ಹಾಕಿದಳು. ಅಂಚೆ ಇಲಾಖೆಯ ಸಮವಸ್ತ್ರದಲ್ಲಿದ್ದಳು. ಯಾರಾದರೂ ದೂರು ಕೊಟ್ಟರೆ ನೌಕರಿಯೇ ಹೋಗುವಂಥ ಕೆಲಸ. ಡಬ್ಬಿಯನ್ನು ಅಂಚೆ ಚೀಲದ ತಳಕ್ಕೆ ತುರುಕಿ ಎದ್ದಳು.

ಕೆಲಸ ಬುಡದಿಂದ ಮೇಲಕ್ಕೆ ಹತ್ತುತ್ತಾ ಬಂತು. ಹಳೆಯದನ್ನು ಒಡೆದು ಲಾರಿಗೆ ತುಂಬುವುದು, ಜಲ್ಲಿ ಹಾಸಿ ದಮ್ಮಸು ಮಾಡುವುದು, ಹಲಗೆ ಕಟ್ಟುವುದು, ಕಾಂಕ್ರೀಟು ಸುರಿಯುವುದು. ಇಳಿಜಾರಿನಲ್ಲಿ ಅದು ಜಾರಿಹೋಗಬಾರದೆಂದು ರೂಡಿ ಗಟ್ಟಿಯಾಗಿಯೇ ಕಲಸಿಸುತ್ತಿದ್ದ. ಕೊನೆಗೆ ಹಸಿ ಮೈಮೇಲೆ ಪೊರಕೆಯನ್ನು ಅಡ್ಡಡ್ಡಕ್ಕೆ ಎಳೆಯುತ್ತಿದ್ದ. ಆ ಗೆರೆಗಳೇ ಹಿಮದ ದಿನ ಕಾಲಿಗೆ ಹಿಡಿತ.

ಬಿರ್ಗಿಟ್ ಬರುವ ಹೊತ್ತು ಹತ್ತೂ ನಲವತ್ತು. ಮೂರನೆಯ ದಿನದಿಂದ ಆ ಹೊತ್ತಿಗೆ ಸರಿಯಾಗಿ ಪ್ರತಿ ಮನೆಯ ಮುಂದೆ ಒಂದು ಹಲಗೆ ಬಿದ್ದಿರುತ್ತಿತ್ತು, ಅವಳು ದಾಟಲೆಂದು. ಐದನೆಯ ದಿನದಿಂದ ಹಲಗೆ ಹಾಕಿದವನು ಅದರ ಪಕ್ಕದಲ್ಲೇ ನಿಂತಿರುತ್ತಿದ್ದ. ಕೈ ಒರೆಸಿಕೊಂಡು, ಏನೋ ಅಳತೆ ನೋಡುವವನ ಹಾಗೆ.

"ಕಾಂಕ್ರೀಟು ಕಾಯ್ತಾ ಇದ್ದೀರಾ?" ಎಂದು ಒಂದು ದಿನ ಅವಳು ಕೇಳಿದಳು.

"ಹೂಂ. ಹೋದ ಸಲ ಬಂದವರು ಸುಮ್ಮನೆ ಹೋಗಲಿಲ್ಲ."

"ಬೈದಿದ್ದಕ್ಕೆ ಬೇಜಾರಾಯ್ತಾ?"

ಅವನು ಸ್ವಲ್ಪ ಯೋಚಿಸಿ, ಬೈಗುಳಕ್ಕಿಂತ ಆ ಕಾಲುಚೀಲ ನೋಡಿ ಬೇಜಾರಾಯಿತು ಎಂದ. ಅವಳಿಗೆ ನಗು ತಡೆಯಲಾಗದೆ ಕೈಯಲ್ಲಿದ್ದ ಎರಡು ಕಾಗದ ಕೆಳಗೆ ಬಿದ್ದವು. ಇಬ್ಬರೂ ಒಟ್ಟಿಗೇ ಬಗ್ಗಿದರು. ಅವನ ಬೆರಳುಗಳು ಸುಣ್ಣ ಹಚ್ಚಿದ ಹಾಗೆ ಬಿಳಿಚಿ, ಗೆರೆಗೆರೆಯಾಗಿ ಬಿರಿದಿದ್ದವು. ಮರುದಿನ ಅವಳು ಅಂಚೆ ಚೀಲದಿಂದ ಒಂದು ಮುಲಾಮಿನ ಡಬ್ಬಿ ತೆಗೆದು, ಏನೂ ಹೇಳದೆ ಹಲಗೆಯ ಮೇಲಿಟ್ಟು ಹೋದಳು.

ಹೀಗೆ ದಿನಕ್ಕೆ ನಾಲ್ಕು ನಿಮಿಷದ ಪರಿಚಯ. ಅಷ್ಟರಲ್ಲೇ ಎಷ್ಟೋ ತಿಳಿಯಿತು. ಅವಳ ಗಂಡ ಈ ಚಳಿ ತಡೆಯಲಾರೆ ಎಂದು ದಕ್ಷಿಣಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಅವಳು ಹೋಗಲಿಲ್ಲ. ಯಾಕೆಂದು ರೂಡಿ ಕೇಳಿದಾಗ, ನವೆಂಬರಿನ ಗಾಳಿಯಲ್ಲಿ ಈ ಸರೋವರ ಕೂಗುವುದನ್ನು ಕೇಳದೆ ತನಗೆ ನಿದ್ದೆ ಬರುವುದಿಲ್ಲ ಎಂದಳು. ಅವನು ತಲೆಯಾಡಿಸಿದ, ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ ಎನ್ನುವ ಹಾಗೆ. ಅವನಿಗೆ ಮದುವೆಯಾಗಿರಲಿಲ್ಲ. ಬೇಸಿಗೆಯಿಡೀ ತನಗೆ ಪುರುಸೊತ್ತಿಲ್ಲ, ಚಳಿಗಾಲದಲ್ಲಿ ತನ್ನೂರಿನ ಹೆಣ್ಣುಮಕ್ಕಳು ಮನೆಯಿಂದ ಹೊರಗೇ ಬರುವುದಿಲ್ಲ ಎಂದು ಅವನ ವಿವರಣೆ.

ಹಿಲ್ಮಾ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು, ನೋಡಿದ್ದನ್ನು ಫೋನಿನಲ್ಲಿ ಲೆಂಪಿಗೆ ಒಪ್ಪಿಸುತ್ತಿದ್ದರು. ಒಂದು ಬೆಳಗ್ಗೆ ಏಲಕ್ಕಿ ಬ್ರೆಡ್ಡಿನ ಎರಡು ತುಂಡು ಕಟ್ಟಿ ಬಿರ್ಗಿಟ್‌ಗೆ ಕೊಟ್ಟರು.

"ಎರಡು ಯಾಕೆ ಹಿಲ್ಮಾ?"

"ಇನ್ನೊಂದು ಯಾರಿಗೆ ಅಂತ ನಿಂಗೆ ಗೊತ್ತಿಲ್ಲದಿದ್ರೆ ಎರಡೂ ನೀನೇ ತಿನ್ನು, ಹುಡುಗಿ."

ಅವಳು ಒಂದನ್ನೇ ತಿಂದಳು.

ಅಕ್ಟೋಬರ್ ಮಧ್ಯಕ್ಕೆ ರಾತ್ರಿಗಳು ಕೊರೆಯತೊಡಗಿದವು. ಇನ್ನು ಕಾಂಕ್ರೀಟು ಹಾಕಲು ಉಳಿದದ್ದು ಒಂದೇ ದಿನ. ಉಳಿದ ಚಪ್ಪಡಿಗಳೂ ಎರಡೇ. ಹಿಂದಿನ ಸಂಜೆ ಹಿಲ್ಮಾ ಅವರ ಮನೆಯ ಮುಂದೆ ಒಡೆಯುವ ಯಂತ್ರದ ಸದ್ದು ಕೇಳಿದಾಗ ಬಿರ್ಗಿಟ್‌ಗೆ ಮೊದಲು ಸಂತೋಷವಾಯಿತು. ಅವನಿಗೆ ಮೋಸ ಮಾಡುತ್ತಿದ್ದೇನೆ ಎಂಬುದು ಆಮೇಲೆ ಹೊಳೆಯಿತು. ಗುರುತು ಹಾಕುವಾಗ ಅವನು ಯಾರೋ ಆಗಿದ್ದ. ಈಗ ಹಾಗಿರಲಿಲ್ಲ.

ಮರುದಿನ ಎಲ್ಲವನ್ನೂ ಹೇಳಿಬಿಡಬೇಕೆಂದು ಅವಳು ಗುಡ್ಡ ಹತ್ತಿ ಬಂದಾಗ, ಇನ್‌ಸ್ಪೆಕ್ಟರ್ ಕಾರ್ವೆಲ್ ಆಗಲೇ ಅಲ್ಲಿದ್ದರು. ಹೊಸ ಕಾಂಕ್ರೀಟಿನ ಮೇಲೆ ಪೊರಕೆಯ ಗೆರೆಗಳು ಹಸಿಯಾಗಿ ಹೊಳೆಯುತ್ತಿದ್ದವು. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಈ ಎರಡು ಚಪ್ಪಡಿಗಳು ಇರಲಿಲ್ಲ.

"ಯಂತ್ರ ತಿರುಗಿಸುವಾಗ ಏಟು ಬಿತ್ತು. ತಪ್ಪು ನಂದು. ನಾನೇ ಹಾಕಿಕೊಡ್ತಿದೀನಿ," ಎಂದು ರೂಡಿ ಹೇಳುತ್ತಿದ್ದ.

"ನಿನ್ನ ಲಾರೀಲಿರೋ ಚೂರುಗಳ ಮೇಲೆ ಗುಲಾಬಿ ಬಣ್ಣ ಇದೆ ರೂಡಿ. ಅದನ್ನ ನಾನು ಹಾಕಿಲ್ಲ. ನಗರಸಭೆ ಗುರುತನ್ನ ನೀನೇ ಹಾಕ್ಕೊಂಡ್ರೆ ಮುಂದಿನ ವರ್ಷ ನಿನಗೆ ಒಂದು ಬೀದೀನೂ ಸಿಗಲ್ಲ."

ರೂಡಿ ಬಿರ್ಗಿಟ್‌ಳನ್ನು ನೋಡಿದ. ಹೋಗು, ನಿನ್ನ ಪಾಡಿಗೆ ಹೋಗು ಎಂದು ಆ ನೋಟ ಹೇಳಿತು. ಆಗ ಅವಳಿಗೆ ಅರ್ಥವಾಯಿತು, ಅವನಿಗೆ ಎಲ್ಲಾ ಗೊತ್ತು.

ಅವಳು ಅಂಚೆ ಚೀಲ ಕೆಳಗಿಟ್ಟಳು. "ಗುರುತು ಹಾಕಿದ್ದು ನಾನು," ಎಂದಳು.

ಮಣಿಕಟ್ಟು ಮುರಿದದ್ದು, ಹಿಲ್ಮಾ ಎರಡು ವರ್ಷ ಒಳಗೇ ಇದ್ದದ್ದು, ಎಲ್ಲ ಹೇಳಿದಳು. "ನೀವು ಜುಲೈನಲ್ಲಿ ಬಂದ್ರಿ. ಜನವರಿಯಲ್ಲಿ ಬಂದು ಇಲ್ಲಿ ನಿಲ್ಲಿ ಸರ್. ಎಷ್ಟು ಎದ್ದಿದೆ ಅಂತ ಅಳೆದ್ರಿ. ಎಷ್ಟು ವಾಲಿದೆ ಅಂತ ಯಾರು ಅಳೀತಾರೆ? ಬೇಕಾದ್ರೆ ನಮ್ಮ ಆಫೀಸಿಗೆ ಬರೀರಿ. ಇವರದ್ದೇನೂ ತಪ್ಪಿಲ್ಲ."

ಕಾರ್ವೆಲ್ ಹಲಗೆಯ ಆಚೆ ಹೋಗಿ ಇಳಿಜಾರು ನೋಡಿದರು, ಕಿಟಕಿಯಲ್ಲಿದ್ದ ಹಿಲ್ಮಾರನ್ನು ನೋಡಿದರು. ಆಮೇಲೆ ಪಟ್ಟಿಯಲ್ಲಿ ಏನೋ ಬರೆದು ಗಟ್ಟಿಯಾಗಿ ಓದಿದರು: ಕೆಲಸದ ವೇಳೆ ಎರಡು ಚಪ್ಪಡಿ ಒಡೆದವು, ಕಂಟ್ರಾಕ್ಟರರೇ ಸರಿಪಡಿಸಿದ್ದಾರೆ. ಬಣ್ಣದ ವಿಷಯ ಬರೆಯಲಿಲ್ಲ. ಕಾರು ಹತ್ತುವ ಮುಂಚೆ, ಮುಂದಿನ ಸಲ ಗುರುತು ಹಾಕುವ ಮೊದಲು ಅಂಚೆಯವರ ಜೊತೆ ಒಂದು ಸುತ್ತು ನಡೆಯುತ್ತೇನೆ ಎಂದು ಅವಳಿಗೆ ಹೇಳಿ ಹೋದರು.

ಅವರು ಹೋದ ಮೇಲೆ ಬಿರ್ಗಿಟ್ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಯಾವಾಗ ಗೊತ್ತಾಯ್ತು?"

"ನೋಡಿದ ದಿನವೇ. ಕಾರ್ವೆಲ್ ಗುರುತು ಗೀಚಿದ ಹಾಗಿರುತ್ತೆ. ಇವೆರಡು ಮುತ್ತು ಪೋಣಿಸಿದ ಹಾಗೆ ನೇರವಾಗಿದ್ವು."

"ಗೊತ್ತಿದ್ದೂ ಯಾಕೆ ಒಡೆದ್ರಿ?"

ರೂಡಿ ಪೊರಕೆಯನ್ನು ಗೋಡೆಗೆ ಒರಗಿಸಿದ. "ಕಾರ್ವೆಲ್ ಈ ಬೀದೀಲಿ ಒಂದು ಮಧ್ಯಾಹ್ನ ನಡೆದಿದ್ದಾರೆ. ನೀವು ಹನ್ನೊಂದು ವರ್ಷ ನಡೆದಿದ್ದೀರಿ. ನಾನು ಯಾರ ಮಾತು ಕೇಳ್ಬೇಕಿತ್ತು?"

ತಾನು ಹೇಳಿದ್ದನ್ನು ಹೀಗೆ ಮನಸ್ಸಿಟ್ಟು ಕೇಳಿಸಿಕೊಂಡವರು ಯಾರೂ ಇರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅವನು ಚಳಿಗೆ ಹೆಪ್ಪುಗಟ್ಟದಿರಲೆಂದು ಕಾಂಕ್ರೀಟಿಗೆ ದಪ್ಪ ಕಂಬಳಿಗಳನ್ನು ಹೊದಿಸತೊಡಗಿದ. ಏಳು ದಿನ ಯಾರೂ ಇದರ ಮೇಲೆ ಕಾಲಿಡಬಾರದು ಎಂದ. ತಾನು ನಾಳೆ ಊರಿಗೆ ಹೊರಡುತ್ತೇನೆ ಎಂದ. ಏಪ್ರಿಲ್‌ವರೆಗೆ ಇನ್ನು ಈ ಕಡೆ ಕೆಲಸವಿಲ್ಲ ಎಂದ. ಪ್ರತಿ ಮಾತಿನ ನಂತರವೂ ಕಂಬಳಿಯ ಅದೇ ಮೂಲೆಯನ್ನು ಸರಿಪಡಿಸುತ್ತಿದ್ದ.

ಬಿರ್ಗಿಟ್ ಎದ್ದು ಹೋಗಿ ಕಂಬಳಿಯ ಇನ್ನೊಂದು ತುದಿ ಹಿಡಿದಳು.

"ರೂಡಿ, ಭಾನುವಾರ ನನಗೆ ರಜ."

"ಹೂಂ."

"ಏಪ್ರಿಲ್ ತುಂಬ ದೂರ. ಅಷ್ಟು ದಿನ ನನ್ನ ಕೈಲಾಗಲ್ಲ. ಹತ್ತೂ ನಲವತ್ತಕ್ಕೆ ನೀನು ಇಲ್ಲಿ ಇಲ್ಲದಿದ್ರೆ ನಾನು ಈ ಗುಡ್ಡ ಹೇಗೆ ಹತ್ತಲಿ?"

ಹೇಳಿಯಾದ ಮೇಲೆಯೇ ತಾನು 'ನೀನು' ಎಂದದ್ದು ಅವಳಿಗೆ ಗೊತ್ತಾಯಿತು. ಅವನಿಗೂ ಗೊತ್ತಾಯಿತು. ಅವನ ಕಿವಿಗಳು ತುದಿಯವರೆಗೆ ಕೆಂಪಾದವು.

"ಹೇಗೆ ಕೇಳೋದು ಅಂತ ಮೂರು ವಾರದಿಂದ ಯೋಚಿಸ್ತಿದ್ದೆ," ಎಂದ. "ಭಾನುವಾರ ಬರ್ತೀನಿ. ಎಲ್ಲಾ ಭಾನುವಾರ ಬರ್ತೀನಿ. ನೀನು ಸಾಕು ಅನ್ನೋವರೆಗೂ."

ಮೊದಲ ಎರಡು ಭಾನುವಾರ ಅವನು ಎರಡು ಗಂಟೆ ದಾರಿ ಬಂದು, ಕಂಬಳಿ ತೆಗೆದು, ಚಪ್ಪಡಿಗಳನ್ನು ಬೆರಳಿಂದ ತಟ್ಟಿ ನೋಡಿದ. ನೋಡಲು ಇನ್ನೇನೂ ಉಳಿಯದಿದ್ದರೂ ಸಂಜೆಯವರೆಗೂ ಉಳಿದ. ಮೂರನೆಯ ಭಾನುವಾರ ಆ ವರ್ಷದ ಮೊದಲ ಹಿಮ ಬಿತ್ತು. ಹೊಸ ಕಾಂಕ್ರೀಟು ಮೊದಲ ಚಳಿಗಾಲ ಹಿಮ ಕರಗಿಸುವ ಉಪ್ಪನ್ನು ತಡೆಯುವುದಿಲ್ಲವೆಂದು ಅವನು ಬರೀ ಮರಳು ಎರಚಿದ. ಆಮೇಲೆ ಹಿಲ್ಮಾ ಸೇರಿ ಮೂವರೂ ಲೆಂಪಿಯ ಮನೆಗೆ ಹೊರಟರು.

ಹಿಲ್ಮಾ ವಾಕರ್ ತಳ್ಳುತ್ತಾ ಮುಂದೆ. ಲೆಂಪಿ ಬಾಗಿಲು ತೆರೆದು, ಒಳಗಿನ ಬಿಸಿಯೆಲ್ಲ ಹೊರಗೆ ಹೋದರೂ ಲಕ್ಷ್ಯವಿಲ್ಲದೆ, ಆಗಲೇ ಹೊಸ್ತಿಲಲ್ಲಿ ನಿಂತಿದ್ದರು. ಮೂರು ಮನೆ ದಾಟಲು ಕಾಲು ಗಂಟೆ ಹಿಡಿಯಿತು. ಕೊನೆಯ ಮೆಟ್ಟಿಲಲ್ಲಿ ಇಬ್ಬರು ಮುದುಕಿಯರೂ ಅಪ್ಪಿಕೊಂಡು ನಿಂತರು. ಇಷ್ಟು ವರ್ಷ ಫೋನಿನಲ್ಲಿ ಬಿಡುವಿಲ್ಲದೆ ಮಾತಾಡಿದವರಿಗೆ ಆಗ ಒಂದು ಮಾತೂ ಹೊರಡಲಿಲ್ಲ.

ಬಿರ್ಗಿಟ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಕೆಳಗೆ ಬೀದಿಯುದ್ದಕ್ಕೂ ಫುಟ್‌ಪಾತು ಒಂದೇ ಮಟ್ಟದಲ್ಲಿ, ತೆಳ್ಳನೆ ಬಿಳಿ ಹೊದ್ದು ಸರೋವರದವರೆಗೆ ಇಳಿದಿತ್ತು. ಅವಳೂ ರೂಡಿಯೂ ನಿಧಾನವಾಗಿ ಇಳಿಯತೊಡಗಿದರು. ಮೊದಲ ಇಳಿಜಾರಿನಲ್ಲೇ ಅವನು ಅವಳ ಕೈ ಹಿಡಿದುಕೊಂಡ. ಅರ್ಧ ದಾರಿ ಬಂದ ಮೇಲೆ, ಹಿಡಿದದ್ದಕ್ಕೆ ಸಮಜಾಯಿಷಿ ಕೊಡಬೇಕೇನೋ ಎನ್ನುವವನ ಹಾಗೆ, ಇಲ್ಲಿಂದ ಮುಂದೆ ಜಾರುವುದಿಲ್ಲ, ಬೇಕಾದರೆ ಕೈ ಬಿಡಬಹುದು ಎಂದ.

"ಗೊತ್ತು," ಎಂದಳು ಬಿರ್ಗಿಟ್.

ಬಿಡಲಿಲ್ಲ.